ಕಿರಣದ ಋಣ

ಹುಲಿಕಲ್ ಘಾಟಿಯನ್ನಿಳಿದು ಮಣಿಪಾಲದ ಆಸ್ಪತ್ರೆಗೆ ಬರುವ ಮಲೆನಾಡಿಗನ ಎದೆಯೊಳಗಣ ವ್ಯಾಧಿಯನ್ನು ಕ್ಷಣಮಾತ್ರದಲ್ಲಿ ತೋರಿಸಿಕೊಡುವ ಕ್ಷ-ಕಿರಣವು, 1895ರಲ್ಲಿ ರಾಂಟ್‌ಜನ್ನನಿಗೆ ಗೋಚರಿಸಿದ ತರುವಾಯ, ತನ್ನನ್ನು ಉಪಾಸಿಸಿದ ಅನೇಕರ ದೇಹವನ್ನೇ ಆಹುತಿಯಾಗಿ ಕೊಂಡಿತು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿಯು, ಕೈಗಳನ್ನು ಛೇದಿಸಿದರೂ ಉಳಿಯದೆ, 1904ರಲ್ಲಿ ಮೃತನಾದನು. ಇಂತಹವರ ನಾಮಗಳನ್ನು ಕೊರೆದ ಸ್ಮಾರಕಶಿಲೆಯೊಂದನ್ನು 1936ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯ ಆವರಣದಲ್ಲಿ, ದೇಶಭೇದವನ್ನೆಣಿಸದೆ, ನಿಲ್ಲಿಸಿದರು. ಶಿಲೆಯು ಹೀಗೆ ಅವರನ್ನು ಸ್ಮರಿಸುತ್ತಿರಲು, ಗತಿಸಿದ, ರಕ್ತಸಂಬಂಧವಿಲ್ಲದ ಸಹೋದ್ಯೋಗಿಗೆ ತಿಲೋದಕವನ್ನೀಯುವ ಅಧಿಕಾರವು ಈ ಕಿರಣದೊಡನೆ ದುಡಿಯುವ ನಮಗುಂಟೆ? ಉಂಟೆಂದೇ ನನ್ನ ನಿಶ್ಚಯ. ಮಹಾಲಯದ ತರ್ಪಣದಲ್ಲಿ ಗುರುವಿಗೂ ಸಖನಿಗೂ ಸ್ಥಾನವಿರುವಾಗ, ಒಂದೇ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆದು, ಒಂದೇ ಸೀಸದ ಏಪ್ರನ್ನನ್ನು ಸರದಿಯಂತೆ ತೊಟ್ಟು ದುಡಿದವರು ಹೊರಗಿನವರಾಗುವುದೆಂತು? ವೈದ್ಯರ ಹೆಸರಿನೊಡನೆ, ಬಹುಮಟ್ಟಿಗೆ ಮರೆಯಲ್ಪಡುವ ತಂತ್ರಜ್ಞರ ಹೆಸರೂ ಆ ತರ್ಪಣದಲ್ಲಿ ಉಚ್ಚರಿತವಾಗಲಿ.