ನೆರೆಯವನಿಗಾಗಿ ಹೊಣೆಯಾಗಬಹುದೋ?

ಪರನ ಸಾಲಕ್ಕೆ ಹೊಣೆ ನಿಂತವನು ಸಂಕಟಕ್ಕೆ ಸಿಕ್ಕುವನೆಂದು ಸೊಲೊಮೋನನು ಜ್ಞಾನೋಕ್ತಿಗಳಲ್ಲಿ ಹಲವು ಸಾರಿ ಎಚ್ಚರಿಸಿದ್ದಾನೆ. ಪೌಲನಾದರೋ ಸಹೋದರರ ಭಾರಕ್ಕೆ ಹೆಗಲು ಕೊಡಬೇಕೆಂದು ಗಲಾತ್ಯದವರಿಗೆ ಬೋಧಿಸಿದನು. ಮುಂಗಾರಿಗೆ ಮುಂಚೆ ನೆರೆಯವನು ಬಂದು, ಬೀಜಕ್ಕೆ ಸಾಲ ಎತ್ತಬೇಕು, ನೀನು ಹೊಣೆ ನಿಲ್ಲು ಎಂದು ಬೇಡುವಾಗ ವಿಶ್ವಾಸಿಯು ಯಾರ ಮಾತನ್ನು ಕೈಕೊಳ್ಳಬೇಕು?

ಬಡ್ಡಿಯ ಸಾಲವು ಮನುಷ್ಯನನ್ನು ಮಾತ್ರವಲ್ಲ, ಭೂಮಿಯನ್ನೂ ಹಿಂಡುತ್ತದೆ. ಗಡುವಿಗೆ ಹೆದರಿದ ರೈತನು ಮೊದಲು ದನಗಳನ್ನು ಮಾರುತ್ತಾನೆ. ದನವಿಲ್ಲದ ಮನೆಗೆ ತಿಪ್ಪೆಯಿಲ್ಲ, ಗೊಬ್ಬರ ಕಾಣದ ಹೊಲಕ್ಕೆ ಸಾರವಿಲ್ಲ. ತರುವಾಯ ಬೀಜದ ಕಾಳನ್ನೂ ಮಾರಿ, ಅಕ್ಕಡಿಯಲ್ಲಿ ತೊಗರಿ ಅವರೆ ಹಾಕುವುದನ್ನು ಬಿಟ್ಟು, ಬೇಗ ಹಣವಾಗುವ ಒಂದೇ ಬೆಳೆಯನ್ನು ವರುಷ ವರುಷವೂ ಅದೇ ನೆಲದಲ್ಲಿ ಬಿತ್ತುತ್ತಾನೆ. ಬಡವನ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಯುಂಟು. ರೈತನಿಗೆ ಎತ್ತೂ ಬೀಜವೂ ಅಂಥ ಕಲ್ಲೇ ಅಲ್ಲವೋ?

ಜರ್ಮನಿ ದೇಶದಲ್ಲಿ 1846-47ರ ಕ್ಷಾಮಕಾಲದಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬ ಪ್ರೊಟೆಸ್ಟಂಟ್ ವಿಶ್ವಾಸಿಯು ವೈಯರ್‌ಬುಷ್ ಎಂಬಲ್ಲಿ ಅಧಿಕಾರಿಯಾಗಿದ್ದರು. ಸ್ಥಿತಿವಂತರನ್ನು ಕೂಡಿಸಿ ಬಡವರಿಗೆ ರೊಟ್ಟಿ ಸಿಗುವಂತೆ ಮಾಡಿದರು. ಆದರೆ ಸ್ಥಿತಿವಂತರ ಧರ್ಮಬುದ್ಧಿಯು ಬಹುಕಾಲ ನಿಲ್ಲದೆಂದು ಕಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಸಾಲ ಬೇಕಾದವರೇ ಸದಸ್ಯರಾಗುವ ಸಂಘವನ್ನು ಕಟ್ಟಿದರು. ಅದರ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯೆಲ್ಲದರೊಂದಿಗೆ ಹೊಣೆ. ಸೊಲೊಮೋನನು ಕೇಳಿದ್ದರೆ ಬೆಚ್ಚಿಬೀಳುತ್ತಿದ್ದನು! ಆದರೂ ಅಂಥ ಸಂಘಗಳು ನಿಂತವು. ಯಾಕಂದರೆ ಒಂದೊಂದರ ಎಲ್ಲೆಯೂ ಒಂದು ಚಿಕ್ಕ ಸೀಮೆಯಷ್ಟೇ. ಯಾರು ಉಳುತ್ತಾನೆ, ಯಾರು ಕುಡಿಯುತ್ತಾನೆ ಎಂಬುದು ಎಲ್ಲರಿಗೂ ತಿಳಿದಿತ್ತು. ಸಾಲವು ಯಾವ ಕೆಲಸಕ್ಕೆಂದು ಮೊದಲೇ ವಿಚಾರಿಸುತ್ತಿದ್ದರು. 1904ರ ಕಾನೂನಿನ ಮೂಲಕ ಆ ಪದ್ಧತಿ ನಮ್ಮ ದೇಶಕ್ಕೂ ಬಂತು. ಮರುವರುಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು.

ಹೀಗಿರಲಾಗಿ, ಸೊಲೊಮೋನನು ತಡೆದದ್ದು ವಿಚಾರಿಸದೆ ಕೈಕೊಡುವ ದುಡುಕನ್ನು ಎಂದು ನನಗೆ ತೋರುತ್ತದೆ. ಆರನೆಯ ಅಧ್ಯಾಯದಲ್ಲಿ ನೆರೆಯವನ ಹೆಸರೂ ಬಂದಿದೆ, ಅದನ್ನು ಮರೆಮಾಡಬಾರದು. ಅಲ್ಲಿಯೂ ಖಂಡನೆಯಾಗಿರುವುದು ಬಾಯ್ಮಾತಿನಿಂದ ಬಲೆಗೆ ಬೀಳುವವನಿಗೆ. ಪರನೆಂದರೆ ಅನ್ಯಮತದವನೆಂದು ಕೆಲವರು ಎಣಿಸುವುದುಂಟು. ನಿನ್ನ ಬದುವಿಗೆ ಬದು ಸೇರಿಸಿ ಉಳುವವನು ನಿನಗೆ ಪರನಲ್ಲ. ಬೀಜಕ್ಕೆಂದು ಕೇಳಿದ ಹಣವು ಮದುವೆಯ ಚಪ್ಪರಕ್ಕೆ ಹೋಗುವುದೆಂದು ತಿಳಿದರೆ ಮಾತ್ರ, ಕೇಳುವವನು ಸಭೆಯ ಹಿರಿಯರ ಮಗನಾಗಿದ್ದರೂ, "ಇಲ್ಲ, ತಮ್ಮಾ" ಎನ್ನಬೇಕು. ಕಾಣಿಕೆ ಕೊಡುವುದಕ್ಕಿಂತ ಇದು ನಮ್ಮವರಿಗೆ ಕಷ್ಟ. ನಮ್ಮ ತಾಯಂದಿರು ಸ್ವಸಹಾಯ ಸಂಘಗಳಲ್ಲಿ ವಾರವಾರವೂ ಕುಳಿತು ಈ ಕಷ್ಟವನ್ನು ಹೊರುತ್ತಲೇ ಇದ್ದಾರೆ. ಒಬ್ಬಳು ಕಂತು ಕಟ್ಟದಿದ್ದರೆ ಮಿಕ್ಕವರು ಅವಳ ಮನೆಗೆ ಹೋಗಿ, ಆಡು ಸತ್ತಿತೋ, ಗಂಡನು ಕಸಿದನೋ ಎಂದು ವಿಚಾರಿಸುತ್ತಾರೆ.