ಹೊಳೆಗೆ ಇಳಿಯುವ ಮುನ್ನ

ಟ್ರೌಟ್ ನಮ್ಮ ದೇಶದ ಮೀನಲ್ಲ. 1900ರ ಸುಮಾರಿಗೆ ಕಾಶ್ಮೀರಕ್ಕೂ, 1909ರ ಸುಮಾರಿಗೆ ಕುಲ್ಲೂ ಸೀಮೆಯ ಹೊಳೆಗಳಿಗೂ ಆಂಗ್ಲರು ತಂದು ಬಿಟ್ಟದ್ದು. ತಣ್ಣನೆಯ, ತಿಳಿಯಾದ, ಓಡುವ ನೀರಲ್ಲದೆ ಅದು ಬಾಳದು. ಆದ್ದರಿಂದ ಅದನ್ನು ಹಿಡಿಯಹೊರಟವನೂ ಅಂಥ ನೀರಿನಲ್ಲೇ ಕಾಲಿಡಬೇಕು. ದೆಹಲಿಯಲ್ಲಿ ನೆಲೆಸಿದ ನಮ್ಮಂಥವರಲ್ಲಿ ಕೆಲವರಿಗೆ ರಜೆ ಬಂದರೆ ತೀರ್ಥನ್ ಕಣಿವೆಗೆ ಹೋಗಿ, ಪರವಾನಗಿ ಪಡೆದು, ಗಾಳ ಹಿಡಿದು ನಿಲ್ಲುವ ಹವ್ಯಾಸವುಂಟು. ಮೀನು ಹಿಡಿಯುವುದು ಸರಿಯೇ ತಪ್ಪೇ ಎಂಬ ದೊಡ್ಡ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ನಾವು ಕೇಳಹೊರಟದ್ದು ಚಿಕ್ಕದು: ಈ ನೀರಿಗೆ ಇಳಿಯಬಹುದು ಎಂದು ದಡದಲ್ಲಿ ನಿಂತವನು ಯಾವ ಆಧಾರದ ಮೇಲೆ ನಿರ್ಧರಿಸುತ್ತಾನೆ? ಮತ್ತು ಆ ನಿರ್ಧಾರ ಅವನೊಬ್ಬನದೇ ಏನು?

ಮೊದಲನೆಯದಾಗಿ, ಕಣ್ಣು ಇಲ್ಲಿ ಒಳ್ಳೆಯ ಸಾಕ್ಷಿಯಲ್ಲ. ಬೆಳಕು ನೀರಿನಲ್ಲಿ ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳ ಮೂರೇ ಅಡಿಯಂತೆ ತೋರುತ್ತದೆ; ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಿಳಿನೀರಿನ ಮೋಸವೇ ಇದು. ವೇಗವನ್ನೂ ಕಣ್ಣಳತೆಯಿಂದ ಹೇಳಲಾಗದು. ಒಂದು ಕಡ್ಡಿ ಎಸೆದು, ಅದು ಹತ್ತು ಅಡಿ ಸಾಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸುವುದು ಹಳೆಯ, ನಂಬಬಹುದಾದ ಉಪಾಯ. ಹರಿವು ಅಳೆಯಲು ಹೊಳೆಗೆ ಇಳಿಯುವ ಜಲಮಾಪಕರು ಒಂದು ಸ್ಥೂಲ ಲೆಕ್ಕ ಇಟ್ಟುಕೊಂಡಿದ್ದಾರೆ: ಅಡಿಗಳಲ್ಲಿ ಆಳವನ್ನು ಸೆಕೆಂಡಿಗೆ ಅಡಿಗಳಲ್ಲಿ ವೇಗದಿಂದ ಗುಣಿಸಿದಾಗ 10 ಬಂದರೆ ಇಳಿಯಬಾರದು. ಅದೂ ಗಟ್ಟಿಮುಟ್ಟಾದ, ಅಭ್ಯಾಸವುಳ್ಳ ವ್ಯಕ್ತಿಗೆ ಹೇಳಿದ ಮಾತು. ರಜೆಗೆ ಬಂದ ಗುಮಾಸ್ತನಿಗಲ್ಲ. ನೀರಿನ ವೇಗ ಇಮ್ಮಡಿಯಾದರೆ ಕಾಲಿನ ಮೇಲಿನ ಒತ್ತಡ ನಾಲ್ಮಡಿಯಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದವರೂ ಮೊಣಕಾಲು ದಾಟುವವರೆಗೆ ಮರೆತಿರುತ್ತಾರೆ.

ತುಂಗೆಯ ದಡದಲ್ಲೋ ಕಾವೇರಿಯ ದಡದಲ್ಲೋ ಬೆಳೆದವರಿಗೆ ತಮಗೆ ಹೊಳೆ ಗೊತ್ತು ಎಂಬ ಭಾವನೆ ಇರುವುದು ಸಹಜ. ಗೊತ್ತಿರುವುದು ಮಳೆಯ ಹೊಳೆ. ಅಲ್ಲಿ ಮೋಡ ಕವಿದರೆ ಎಚ್ಚರ, ಬಿಸಿಲು ಬಂದರೆ ನೆಮ್ಮದಿ. ಹಿಮದ ಹೊಳೆಯಲ್ಲಿ ಇದು ತಿರುವುಮುರುವು. ಆಕಾಶ ಶುಭ್ರವಾಗಿ ಬಿಸಿಲು ಚುರುಕಾದಂತೆ ಮೇಲೆ ಹಿಮ ಕರಗುತ್ತದೆ. ಆ ನೀರು ಕೆಳಗೆ ಬರುವ ವೇಳೆಗೆ ಮಧ್ಯಾಹ್ನವೋ ಸಂಜೆಯೋ ಆಗಿರುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ಕಡೆ ದಾಟಿ ಹೋದವನು ಸಂಜೆ ಹಿಂತಿರುಗುವಾಗ ಅದೇ ಜಾಗದಲ್ಲಿ ಬೇರೆ ಹೊಳೆಯನ್ನು ಕಾಣುತ್ತಾನೆ. ಅಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಆಗಾಗ ನೋಡುತ್ತಿರುವುದು, ನೀರು ಬಣ್ಣ ತಿರುಗಿತೇ, ಎಲೆ ಕಡ್ಡಿ ತೇಲಿ ಬರುತ್ತಿವೆಯೇ ಎಂದು ಗಮನಿಸುವುದು ಇದಕ್ಕಾಗಿ.

ಇವೆಲ್ಲ ದಡದಲ್ಲಿ ನಿಂತು ತಿಳಿಯಬಹುದಾದ ಸಂಗತಿಗಳು. ತಿಳಿಯಲಾಗದ್ದೂ ಇದೆ. 2014ರ ಜೂನ್ 8ರ ಸಂಜೆ ಮಂಡಿ ಜಿಲ್ಲೆಯ ಥಲೌಟ್ ಬಳಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಅವರ ಜೊತೆಯಲ್ಲಿದ್ದ ಪ್ರವಾಸ ತಂಡದ ಒಬ್ಬರೂ ಕೊಚ್ಚಿಹೋದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಆ ಮಕ್ಕಳು ಮೀನು ಹಿಡಿಯಲು ಹೋದವರಲ್ಲ, ಸಾಹಸ ಮಾಡಹೊರಟವರೂ ಅಲ್ಲ. ಅವರ ಕಣ್ಣೆದುರಿನ ನೀರು ಯಾವ ಸುಳಿವನ್ನೂ ಕೊಡಲಿಲ್ಲ. ಅವರನ್ನು ಅವಿವೇಕಿಗಳೆನ್ನುವುದು ಸುಲಭ, ನ್ಯಾಯವಲ್ಲ. ಮೇಲೆ ಬಾಗಿಲು ತೆರೆಯುವವನಿಗೂ ಕೆಳಗೆ ನಿಂತವನಿಗೂ ನಡುವೆ ಯಾರಾದರೂ ಮಾತು ಮುಟ್ಟಿಸಬೇಕಿತ್ತು. ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯುವವನು ತನ್ನ ಬುದ್ಧಿಯ ಜೊತೆಗೆ ಅಪರಿಚಿತನೊಬ್ಬನ ಕರ್ತವ್ಯಪ್ರಜ್ಞೆಯನ್ನೂ ನಂಬಿ ಇಳಿಯುತ್ತಾನೆ.

ಇನ್ನು, “ನಾನು ಎಷ್ಟೋ ಸಲ ದಾಟಿದ್ದೇನೆ, ಏನೂ ಆಗಿಲ್ಲ” ಎನ್ನುವವರ ವಾದ. ಇದು ಎಲ್ಲ ವಾದಗಳಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ, ಏಕೆಂದರೆ ಎದುರು ಸಾಕ್ಷಿ ಹೇಳಬೇಕಾದವರು ಬದುಕಿರುವುದಿಲ್ಲ. ದಾಟಿ ಬಂದ ಮಾತ್ರಕ್ಕೆ ನಿರ್ಧಾರ ಸರಿಯಾಗಿತ್ತೆಂದು ಸಿದ್ಧವಾಗುವುದಿಲ್ಲ. ಹಾಗೆಯೇ ಮುಳುಗಿದ ಮಾತ್ರಕ್ಕೆ ತಪ್ಪಾಗಿತ್ತೆಂದೂ ಅಲ್ಲ. ಕರ್ಮವನ್ನು ಫಲದಿಂದ ಬಿಡಿಸಿ ನೋಡುವುದನ್ನು ನಾವು ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ, ಆದರೆ ಹೊಳೆಯ ದಡದಲ್ಲಿ ಫಲವನ್ನೇ ಪ್ರಮಾಣವೆಂದು ಎಣಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ. ಕಾಲು ಜಾರಿದರೆ ನೀರು ನನ್ನನ್ನು ಎಲ್ಲಿಗೆ ಒಯ್ಯುತ್ತದೆ? ಕೆಳಗೆ ಮರಳಿನ ತಿಟ್ಟೇ, ಸಿಕ್ಕಿಬಿದ್ದ ಮರದ ಕೊಂಬೆಗಳೇ, ಬಂಡೆಗಳ ಇರುಕೇ? ದಾಟುವವನ ಕಣ್ಣು ಎದುರು ದಡದ ಮೇಲಿರುತ್ತದೆ. ಕೆಳಗೆ ನೋಡುವವರು ವಿರಳ.

“ಜೀವ ನನ್ನದು, ಅಪಾಯವೂ ನನ್ನದು” ಎಂಬ ಮಾತನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಅಪಾಯವೇ ಇಲ್ಲದ ಬದುಕನ್ನು ಬಯಸುವವರು ಟ್ರೌಟನ್ನು ತಟ್ಟೆಯಲ್ಲೇ ನೋಡಲಿ. ಆದರೆ ಹೊಳೆಯಲ್ಲಿ ಒಬ್ಬನೇ ಮುಳುಗುವುದು ಅಪರೂಪ. ಕೂಗು ಕೇಳಿದರೆ ದಡದಲ್ಲಿರುವವನು ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ, ಧುಮುಕುತ್ತಾನೆ. ಗುಂಪಿನಲ್ಲಿ ಹೋದಾಗ ಇನ್ನೊಂದು ತೊಡಕು. ಮುಂದಾಳು ಎತ್ತರದವನಾದರೆ ಅವನ ತೊಡೆಯಷ್ಟು ನೀರು ಹಿಂದಿನ ಗಿಡ್ಡನೆಯವನಿಗೆ ಸೊಂಟದಷ್ಟಾಗುತ್ತದೆ. ಅವನಿಗೆ ಭಯ, ಹೇಳಲು ನಾಚಿಕೆ. ಹೀಗೆ ಬಾಯಿಬಿಡದೆ ಹಿಂಬಾಲಿಸಿದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ನಾವು ಎಣಿಸಲಾರೆವು. ಅಲ್ಲಿ ಮುಂದಾಳು ಇಬ್ಬರ ಪರವಾಗಿ ನಿರ್ಧರಿಸಿದ್ದಾನೆ. ಅವನಿಗೆ ಅದು ಗೊತ್ತಿಲ್ಲ, ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಸ್ಥಿತಿ ದಾರಿ ತೋರಿಸಲು ಬರುವ ಸ್ಥಳೀಯನದು. ಹೊಳೆಯ ಸದ್ದಿನಲ್ಲಾದ ಬದಲಾವಣೆ ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆದರೆ ಕೂಲಿ ಕೊಡುವ ಯಜಮಾನರು ದೂರದಿಂದ ಬಂದಿದ್ದಾರೆ, ಒಂದೇ ದಿನದ ಪರವಾನಗಿ, ಮೀನು ಇನ್ನೂ ಸಿಕ್ಕಿಲ್ಲ. ಬೇಡವೆನ್ನಲು ಅವನಿಗೆ ಬಾಯಿ ಬರುವುದಿಲ್ಲ. ಇದನ್ನು ದಡದಲ್ಲಿ, ಗಾಳ ಕೈಯಲ್ಲಿ ಹಿಡಿದ ಮೇಲೆ ತೀರ್ಮಾನಿಸಹೋದರೆ ತಡವಾಯಿತು. ಹಿಂದಿನ ಸಂಜೆಯೇ, ಚಹಾ ಕುಡಿಯುತ್ತ ಕುಳಿತಾಗ, ಅವನಿಗೆ ಹೇಳಿಬಿಡಬೇಕು: ನೀನು ಬೇಡವೆಂದರೆ ನಾವು ಇಳಿಯುವುದಿಲ್ಲ, ಕಾರಣ ಕೇಳುವುದಿಲ್ಲ, ಇಳಿಯದ ದಿನದ ಕೂಲಿಯೂ ನಿನಗೆ ಪೂರ್ತಿ ಸಲ್ಲುತ್ತದೆ ಎಂದು.