ಬೇಡನ ಬೇಡಗಳು

ಬೇಟೆಯ ಮಾತು ಬಂದರೆ ನಾವು ಹೆಂಗಸರು ಸಾಮಾನ್ಯವಾಗಿ ಎದ್ದು ಒಳಗೆ ಹೋಗುತ್ತೇವೆ. ಅದು ಕಟ್ಟೆಯ ಮೇಲೆ ಕೂತ ಗಂಡಸರ ಹರಟೆ, ನಮಗೇಕೆ ಎಂಬ ಭಾವ. ಆದರೆ ಅವರು ಹೊಡೆದು ತಂದದ್ದನ್ನು ಹಸನು ಮಾಡಿ, ಮಸಾಲೆ ಅರೆದು, ಒಲೆಯ ಮೇಲೆ ಇಟ್ಟವರು ಯಾರು? ಹೊಡೆಯುವುದು ಒಂದು ಕ್ಷಣದ ಕೆಲಸ, ಉಳಿದ ಮೂರು ತಾಸಿನ ಕೆಲಸ ನಮ್ಮದೇ ಆಗಿತ್ತು. ಹಾಗಾಗಿ ಬೇಟೆ ಸರಿಯೋ ತಪ್ಪೋ ಎಂಬ ಪ್ರಶ್ನೆಯಲ್ಲಿ ನಮಗೂ ಪಾಲಿದೆ ಎಂದೇ ನನ್ನ ಎಣಿಕೆ.

ನಾನು 1983ರಲ್ಲಿ ಸೊಸೆಯಾಗಿ ಬಂದದ್ದು ತಿಕೋಟಾದ ಮನೆಗೆ. ಈಗ ದ್ರಾಕ್ಷಿಗೆ ಹೆಸರಾದ ಆ ಸೀಮೆ ಅಂದು ಹೆಚ್ಚಾಗಿ ಬಿಳಿಜೋಳ, ಕಡಲೆ, ಕುಸುಬೆಯ ಒಣಬೇಸಾಯದ ಎರೆಭೂಮಿ. ನಡುನಡುವೆ ಕಲ್ಲು ತುಂಬಿದ ಬೀಳು. ಆ ಬೀಳಿನಲ್ಲಿ ಮೊಲ, ಕೌಜುಗ, ನರಿ, ಒಮ್ಮೊಮ್ಮೆ ಚಿಗರಿಯ ಹಿಂಡು. ನಮ್ಮ ಮಾವನವರ ಹತ್ತಿರ ಒಂದು ಜೋಡುನಳಿಗೆ ಬಂದೂಕು ಇತ್ತು, ಸಣ್ಣ ಬೇಟೆಯ ಪರವಾನಗಿಯೂ ಇತ್ತು. ಸುಗ್ಗಿ ಮುಗಿದ ಮೇಲೆ ಊರಿನ ಹುಡುಗರು “ಕಾಕಾ, ನಮ್ಮನ್ನೂ ಕರಕೊಂಡು ಹೋಗ್ರಿ” ಎಂದು ಬರುತ್ತಿದ್ದರು. ಅವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾವನವರು ಮೊದಲು ಪಾಠ ಹೇಳುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಅದೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು.

“ಗಾಳಿ ನಿನ್ನ ಮಾರಿಗೆ ಬರೂಹಂಗ ನಡಿ. ಸಪ್ಪಳಕ್ಕ ಗುಂಡು ಹಾರಸಬ್ಯಾಡ, ಸಪ್ಪಳದ ಹಿಂದ ಕುರಿ ಕಾಯೋ ಹುಡುಗ ಇರ್ತಾನ. ನೀರು ಕುಡಿಯೋ ಜೀವಕ್ಕ ಗುರಿ ಹಿಡೀಬ್ಯಾಡ. ಕತ್ತಲಾಗ ದೀಪ ಹಿಡಿದು ಹೊಡೀಬ್ಯಾಡ, ಕಣ್ಣು ಕುಕ್ಕಿ ನಿಂತದ್ದನ್ನ ಹೊಡೆಯೋದು ಗಂಡಸ್ತನ ಅಲ್ಲ. ಮರಿ ಹೊಡೀಬ್ಯಾಡ, ಗಬ್ಬಾದದ್ದನ್ನ ಹೊಡೀಬ್ಯಾಡ. ಮನ್ಯಾಗ ಎಷ್ಟು ಬಾಯಿ ಅದಾವ ಎಣಸಿ ಹೋಗು, ಅದಕ್ಕಿಂತ ಹೆಚ್ಚಿಂದು ಬ್ಯಾಡ. ಗಾಯಾದದ್ದನ್ನ ಬಿಟ್ಟು ಮನಿಗೆ ಬರಬ್ಯಾಡ. ಹೊತ್ತು ಮುಳುಗಿದರೂ ಹುಡುಕು, ಅದರ ನೋವು ಮುಗಿಸೇ ಬಾ.”

ನೋಡಿ, ಬೇಟೆ ಕಲಿಯಲು ಬಂದವನಿಗೆ ಹೇಳಿದ ಮಾತುಗಳಲ್ಲಿ ಹೆಚ್ಚಿನವೆಲ್ಲ ‘ಬೇಡ’ಗಳೇ. ನಮ್ಮ ಕನ್ನಡದಲ್ಲಿ ಬೇಟೆಯಾಡುವವನೂ ಬೇಡ, ಮಾಡಬಾರದ್ದೂ ಬೇಡ. ಈ ಎರಡು ಶಬ್ದ ಒಂದೇ ಬೇರಿನವೋ ಅಲ್ಲವೋ ಪಂಡಿತರು ಹೇಳಲಿ. ನಮ್ಮ ಮನೆಯ ಕಟ್ಟೆಯ ಮೇಲಂತೂ ಅವು ಜೊತೆಜೊತೆಗೇ ಕೂತಿದ್ದವು.

ಅತ್ತೆಯವರದೂ ಒಂದು ಬೇಡ ಇತ್ತು. ತಂದ ಮೊಲವನ್ನು ಹಸನು ಮಾಡುವಾಗ ಹೊಟ್ಟೆಯಲ್ಲಿ ಮರಿ ಕಂಡರೆ ಅವರು ಕೈತೊಳೆದುಕೊಂಡು ಎದ್ದುಬಿಡುತ್ತಿದ್ದರು. ಅಂದು ಒಲೆಯ ಮೇಲೆ ಬೇಳೆಯೇ. ಮಾವನವರು ಏನೂ ಮಾತಾಡದೆ ಬೇಳೆ ಉಂಡು ಏಳುತ್ತಿದ್ದರು. ಬಂದೂಕು ಹಿಡಿದವನ ಮೇಲೂ ಒಲೆಯ ಮುಂದೆ ಕೂತವಳಿಗೆ ಒಂದು ಅಧಿಕಾರ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಮುಂದೆ ಗೊತ್ತಾದ ಸಂಗತಿ ಏನೆಂದರೆ, ಮಾವನವರ ಪಾಠದ ಬಹುಭಾಗ ಸರಕಾರದ ಪುಸ್ತಕದಲ್ಲೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪರವಾನಗಿ ಉಳ್ಳವರಿಗೂ ಕಟ್ಟಳೆಗಳನ್ನು ಹಾಕಿತ್ತು. ರಾತ್ರಿ ಬೇಟೆ ಬೇಡ, ಗಾಡಿಯ ಮೇಲಿಂದ ಬೇಡ, ವಿಷ ಬೇಡ, ಉರುಲು ಬೇಡ, ಕೆಲವು ಹಕ್ಕಿಗಳನ್ನು ಬಿಟ್ಟರೆ ನೀರು ಕುಡಿಯುವ ಜಾಗದಲ್ಲಿ ಬೇಡ, ವಿಶೇಷ ಅನುಮತಿ ಇಲ್ಲದೆ ಮರಿ ಮತ್ತು ಹೆಣ್ಣು ಬೇಡ. 1991ರ ತಿದ್ದುಪಡಿ ಬಂದಾಗ ಈ ಸಣ್ಣ ಬೇಡಗಳನ್ನೆಲ್ಲ ತೆಗೆದುಹಾಕಿದರು. ಏಕೆಂದರೆ ಬೇಟೆಯ ಪರವಾನಗಿಯೇ ಹೋಯಿತು. ಹತ್ತು ಸಣ್ಣ ಬೇಡಗಳ ಜಾಗದಲ್ಲಿ ಒಂದು ದೊಡ್ಡ ಬೇಡ ಬಂತು. ಮಾವನವರಿಗೆ ಸ್ವಲ್ಪ ಬೇಸರವಾಯಿತು. “ನೇಮಾ ಹಿಡಿದವರನ್ನೂ ಬಿಟ್ಟವರನ್ನೂ ಒಂದ ತಕ್ಕಡ್ಯಾಗ ತೂಗಿದರು” ಅಂದರು. ಆದರೆ ಬಂದೂಕು ಮತ್ತೆ ಹೆಗಲೇರಲಿಲ್ಲ.

ಈ ಹಳೆಯ ಕತೆ ಈಗ ಏಕೆ ಎಂದರೆ, ಬಬಲೇಶ್ವರಕ್ಕೆ ಕೊಟ್ಟ ನನ್ನ ತಂಗಿಯ ಮಗನ ದೆಸೆಯಿಂದ. ಇಪ್ಪತ್ತಾರರ ಹುಡುಗ, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಹೋದ ವರ್ಷ ಒಂದು ಮುಧೋಳ ನಾಯಿ ತಂದ. ಬಾಣದಂಥ ಮೈಯಿನ ಚೆಂದದ ನಾಯಿ. ಈ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿತ್ತು, 2016ರಲ್ಲಿ ಸೈನ್ಯವೂ ಇದನ್ನು ತರಬೇತಿಗೆ ತೆಗೆದುಕೊಂಡಿತು. ನಾಯಿ ಬಂದ ಮೇಲೆ ಗೆಳೆಯರು ಬಂದರು. ರಾತ್ರಿ ಮೋಟರ್‌ಸೈಕಲ್ಲಿನ ಮೇಲೆ, ತಲೆಗೆ ಲೈಟು ಕಟ್ಟಿಕೊಂಡು ಮೊಲಕ್ಕೆ ಹೋಗೋಣ ಎಂಬ ಯೋಜನೆ. ಇವನು ವಿಜಯಪುರಕ್ಕೆ ನಮ್ಮ ಮನೆಗೆ ಬಂದಾಗ ಕೇಳಿದ: “ದೊಡ್ಡವ್ವಾ, ಮಾವಾರು ಭಾರೀ ಬ್ಯಾಟಿಗಾರರಂತಲ್ಲ, ನನಗೂ ನಾಕು ಮಾತು ಹೇಳು.”

ನಾನು ಮೊದಲು ಕಾಯ್ದೆ ಹೇಳಿದೆ. ಚಿಗರಿ ಕೊಂದರೆ ಮೂರರಿಂದ ಏಳು ವರ್ಷ ಜೈಲು, ಮೊಲ ಕೌಜುಗಗಳೂ ಅದೇ ಕಾಯ್ದೆಯ ಕಾವಲಿನಲ್ಲಿವೆ ಎಂದೆ. ಅವನು ನಕ್ಕ. “ಜೈಲಿನ ಮಾತು ಬಿಡು ದೊಡ್ಡವ್ವಾ. ಮಾವಾರು ಹೊಡೆದರ ಸರಿ, ನಾ ಹೊಡೆದರ ತಪ್ಪು ಹೆಂಗ? ನೀವು ಐತವಾರಕ್ಕೊಮ್ಮೆ ಅಂಗಡಿಯಿಂದ ಕೋಳಿ ತರತೀರಿ. ಅದು ಜೀವ ಅಲ್ಲೇನು?”

ಪ್ರಶ್ನೆ ಸಣ್ಣದಲ್ಲ. ಚಿಕ್ಕವರು ಕೇಳಿದರು ಎಂದು ಗದರಿಸಿ ಮುಗಿಸುವಂಥದ್ದೂ ಅಲ್ಲ. ಕೋಳಿಯ ಜೀವ ಮೊಲದ ಜೀವಕ್ಕಿಂತ ಅಗ್ಗ ಎಂದು ನಾನು ಹೇಳಲಾರೆ. ಮಾಂಸವನ್ನೇ ಮುಟ್ಟದ ಮನೆಗಳು ನಮ್ಮ ಓಣಿಯಲ್ಲಿ ಬಹಳ ಇವೆ. ಬಸವಣ್ಣನವರು ಹುಟ್ಟಿದ ಜಿಲ್ಲೆ ಇದು, ದಯೆಯ ಮಾತು ಇಲ್ಲಿ ಹೊಸದಲ್ಲ. ಆದರೂ ಕೊಲ್ಲುವುದೆಲ್ಲ ಒಂದೇ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿವಿಗೆ ಕೊಲ್ಲುವವನಿದ್ದಾನೆ. ಬೆಳೆ ಕಾಯಲು ಕೊಲ್ಲುವವನಿದ್ದಾನೆ. ಖುಷಿಗೆ ಕೊಲ್ಲುವವನೂ ಇದ್ದಾನೆ. ಕಾಯ್ದೆಗೆ ಈ ಮೂವರನ್ನೂ ಬೇರೆಬೇರೆ ನೋಡುವುದು ಕಷ್ಟ. ನಮ್ಮ ಅಂತಃಕರಣಕ್ಕೆ ಅದು ಕಷ್ಟವಾಗಬಾರದು.

ನಮ್ಮ ಸೀಮೆಯ ಹರಣಶಿಕಾರಿಗಳನ್ನು ನೆನೆಸಿಕೊಳ್ಳಿ. ಹರಣ ಎಂದರೆ ಮರಾಠಿಯಲ್ಲಿ ಜಿಂಕೆ. ಜಿಂಕೆ ಹಿಡಿಯುವುದೇ ಅವರ ಹಿರಿಯರ ಕಸುಬು, ಕಸುಬೇ ಕುಲದ ಹೆಸರು. ಉರುಲು ಒಡ್ಡಿ ಹಿಡಿದರೆ ಅಂದಿನ ಊಟ, ಇಲ್ಲದಿದ್ದರೆ ಉಪವಾಸ. ಇಂಥ ಅಲೆಮಾರಿ ಕುಲಗಳನ್ನೇ ಬ್ರಿಟಿಷರು 1871ರಲ್ಲಿ ತಂದ ಕಾಯ್ದೆಯ ಬಲದಿಂದ ಹುಟ್ಟಿನಿಂದಲೇ ಅಪರಾಧಿಗಳು ಎಂದು ಬರೆದಿಟ್ಟದ್ದು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಅದೇ 1952ರಲ್ಲಿ ಇನ್ನೊಂದು ಸುದ್ದಿಯೂ ಬಂತು. ಭಾರತದಲ್ಲಿ ಚೀತಾ ಎಂಬ ಪ್ರಾಣಿ ಇನ್ನಿಲ್ಲ ಎಂದು ಸರಕಾರ ಸಾರಿತು. ಕೊನೆಯ ಮೂರು ಚೀತಾಗಳನ್ನು 1947ರ ಒಂದು ರಾತ್ರಿ ಕೊಂದವನು, ಈಗಿನ ಛತ್ತೀಸಗಢದಲ್ಲಿರುವ ಕೊರಿಯಾ ಸಂಸ್ಥಾನದ ರಾಜ. ಕತ್ತಲಲ್ಲಿ ಗಾಡಿಯಲ್ಲಿ ಹೋಗುವಾಗ ಹೊಡೆದದ್ದು. ನಮ್ಮ ಮಾವನವರ ಪಾಠದ ಎರಡು ಬೇಡಗಳಾದರೂ ಆ ಒಂದು ರಾತ್ರಿಯಲ್ಲಿ ಮುರಿದವು. 2022ರಲ್ಲಿ ನಮೀಬಿಯಾ ದೇಶದಿಂದ ವಿಮಾನದಲ್ಲಿ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಹೊಟ್ಟೆಗಾಗಿ ಉರುಲು ಒಡ್ಡಿದವನು ಹುಟ್ಟು ಅಪರಾಧಿಯಾದ, ಮೋಜಿಗಾಗಿ ಮೂರನ್ನು ಮುಗಿಸಿದವನು ಮಹಾರಾಜನಾಗಿಯೇ ಉಳಿದ. ಇದರಲ್ಲಿ ಯಾವ ನ್ಯಾಯವಿದೆ, ನೀವೇ ಹೇಳಿ.

ಹುಡುಗನಿಗೆ ಇದನ್ನೇ ಹೇಳಿದೆ. “ತಮ್ಮಾ, ನಿನಗ ಹಸಿವಿಲ್ಲ. ಮೊಲ ನಿನ್ನ ದ್ರಾಕ್ಷಿ ತೋಟ ಮುಗಿಸಿಲ್ಲ. ಮಾವಾರ ಕಾಲಕ್ಕ ಬೀಳು ಭೂಮಿ ಇತ್ತು, ಮೊಲಕ್ಕ ಓಡಾಕ ಜಾಗಾ ಇತ್ತು. ಈಗ ಕಾಲುವಿ ನೀರು ಬಂತು, ಬೀಳೆಲ್ಲ ತೋಟ ಆತು, ತೋಟಕ್ಕ ತಂತಿ ಬೇಲಿ ಬಂತು. ಅದು ಎಲ್ಲಿಗೆ ಓಡಬೇಕು? ಓಡಾಕ ಜಾಗಾ ಇಲ್ಲದ್ದನ್ನ ಹಿಡಿಯೋದಕ್ಕ ಬ್ಯಾಟಿ ಅಂತಾರೇನು?”

ನೀರಾವರಿ ಬಂದದ್ದು ನಮ್ಮ ಭಾಗ್ಯ, ಅದನ್ನು ನಾನು ಹಳಿಯುವುದಿಲ್ಲ. ಬರಗಾಲದಲ್ಲಿ ಕೊಡ ಹಿಡಿದು ಮೈಲುಗಟ್ಟಲೆ ನಡೆದ ಹೆಂಗಸರಿಗೆ ಆ ನೀರಿನ ಬೆಲೆ ಗೊತ್ತು. ಆದರೆ ನಮ್ಮ ಭಾಗ್ಯಕ್ಕೆ ಬೇರೆ ಯಾವುದೋ ಜೀವ ಜಾಗ ಬಿಟ್ಟುಕೊಟ್ಟಿದೆ ಎಂಬುದು ನೆನಪಿರಬೇಕು. ಅಂಗಡಿಯ ಕೋಳಿಯನ್ನು ಸಾಕುವವರಿದ್ದಾರೆ, ಇವತ್ತು ಒಂದು ಹೋದರೆ ನಾಳೆ ಮತ್ತೊಂದು ಬರುತ್ತದೆ. ಮೊಲವನ್ನು ಸಾಕುವವರು ಯಾರೂ ಇಲ್ಲ. ಮುಗಿದರೆ ಮುಗಿಯಿತು.

“ಹಂಗಾದರ ನಾಯಿ ಯಾಕ ಸಾಕಬೇಕು?” ಎಂದ. ಅದಕ್ಕೂ ಉತ್ತರವಿತ್ತು. ಬೇಟೆಗಾರನ ವಿದ್ಯೆಯಲ್ಲಿ ಕೊಲ್ಲುವುದು ಕಡೆಯ ಪಾಠ, ಅದನ್ನೊಂದು ಬಿಟ್ಟರೂ ಉಳಿದದ್ದು ಬಹಳವಿದೆ. ಗಾಳಿ ನೋಡಿ ನಡೆಯುವುದು, ಹೆಜ್ಜೆ ಗುರುತಿಸುವುದು, ಸಪ್ಪಳವಿಲ್ಲದೆ ಕಾಯುವುದು. ನಸುಕಿನಲ್ಲಿ ನಾಯಿಯನ್ನು ನಿನ್ನ ತೋಟದ ಬದುವಿನ ಒಳಗೇ ಓಡಿಸು, ಆಮೇಲೆ ಅದನ್ನು ಕಟ್ಟಿಹಾಕಿ ಮಮದಾಪುರದ ಕೆರೆಯ ಕಡೆ ಹೋಗು. ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ ಅದು. ನೀರಿಗೆ ಬರುವ ಹಕ್ಕಿಗಳನ್ನು ಒಂದು ತಾಸು ಅಲುಗಾಡದೆ ಕೂತು ನೋಡಿದರೆ ಅರ್ಧ ಬೇಟೆಗಾರನಾದಂತೆ ಎಂದೆ. “ಇನ್ನರ್ಧ?” ಎಂದು ಚೇಷ್ಟೆ ಮಾಡಿದ. “ಇನ್ನರ್ಧ ಮಾಡಿ ತಂದರ ನನ್ನ ಮನ್ಯಾಗೂ ನಿಮ್ಮವ್ವನ ಮನ್ಯಾಗೂ ಒಲಿ ಹತ್ತೂದಿಲ್ಲ” ಎಂದೆ. ಅವನು ಪೂರ್ತಿ ಒಪ್ಪಿದನೆಂದು ನಾನು ಹೇಳುವುದಿಲ್ಲ. ರಾತ್ರಿ ಹೋಗುವುದಂತೂ ನಿಂತಿದೆ ಎಂದು ತಂಗಿ ಹೇಳುತ್ತಾಳೆ. ಒಲೆಯ ಮಾತು ಅವಳಿಗೂ ಹಿಡಿಸಿದೆ.

ಹೊರಡುವಾಗ ಅವನಿಗೆ ಇನ್ನೊಂದು ಮಾತು ಕೇಳಿದೆ. ದ್ರಾಕ್ಷಿ ಹಣ್ಣಾಗುವಾಗ ಹಕ್ಕಿ ಬರಬಾರದೆಂದು ತೋಟಕ್ಕೆ ನೈಲಾನ್ ಬಲೆ ಹಾಕುತ್ತಾರಲ್ಲ, ಅದರಲ್ಲಿ ಸಿಕ್ಕಿಕೊಂಡ ಗೊರವಂಕವನ್ನು ಯಾರು ಬಿಡಿಸುತ್ತಾರೆ? “ಆಳು ನೋಡತಾರ, ಟೈಮ್ ಸಿಕ್ಕರ” ಎಂದ. ಬೆಳೆ ಕಾಯುವುದು ತಪ್ಪಲ್ಲ. ಆದರೆ ರೆಕ್ಕೆ ಸಿಕ್ಕಿ ದಿನವಿಡೀ ಬಿಸಿಲಿನಲ್ಲಿ ತೂಗಾಡುವ ಹಕ್ಕಿ ಗಾಯಗೊಂಡ ಬೇಟೆಯೇ. ಬಂದೂಕು ಹಿಡಿದವನಿಗೆ ಹೇಳಿದ ಮಾತು ಬಲೆ ಕಟ್ಟಿದವನಿಗೂ ಸಲ್ಲುತ್ತದೆ. ಮುಂಜಾನೆಯೊಮ್ಮೆ ಸಂಜೆಯೊಮ್ಮೆ ಬಲೆಯ ಸುತ್ತ ನಡೆದು ನೋಡು ಎಂದೆ. ಅದಕ್ಕೆ ಅವನು ನಗಲಿಲ್ಲ.

ಇದು ತೋಟದವರ ಮಾತಷ್ಟೇ ಅಲ್ಲ. ಶಹರದ ನಮ್ಮ ಅಡುಗೆಮನೆಗಳಲ್ಲಿ ಇಲಿಗೆಂದು ಅಂಟಿನ ಹಾಳೆ ಇಡುತ್ತೇವೆ. ಕಾಲು ಅಂಟಿದ ಇಲಿ ರಾತ್ರಿಯೆಲ್ಲ ಕಿರುಚುತ್ತದೆ. ಬೆಳಿಗ್ಗೆ ಹಾಳೆಯನ್ನು ಮಡಚಿ, ಇಲಿ ಜೀವಂತವಿರುವಾಗಲೇ ಕಸದ ಬುಟ್ಟಿಗೆ ಎಸೆದು, ಕೈತೊಳೆದು, ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚುವ ಮನೆಗಳಿವೆ. ಅವುಗಳಲ್ಲಿ ಎಷ್ಟೋ ಮನೆಗಳು ಮಾಂಸವನ್ನು ಮುಟ್ಟದವು, ಬೇಟೆ ಎಂದರೆ ಮುಖ ತಿರುಗಿಸುವವು. ಇಲಿ ಬೇಡವೆಂದರೆ ಕಾಳಿನ ಡಬ್ಬಿಗೆ ಮುಚ್ಚಳ ಹಾಕಬಹುದು, ಗೋಡೆಯ ಕಿಂಡಿ ಮುಚ್ಚಬಹುದು, ಪಂಜರದಲ್ಲಿ ಹಿಡಿದು ದೂರ ಬಿಟ್ಟು ಬರಬಹುದು. ಕೊಲ್ಲಲೇಬೇಕಾದರೆ ಒಮ್ಮೆಲೇ ಮುಗಿಸುವುದು ಲೇಸು. ಗಾಯಾದದ್ದನ್ನ ಬಿಟ್ಟು ಬರಬ್ಯಾಡ ಎಂದು ಮಾವನವರು ಹೇಳಿದ್ದು ಬಂದೂಕಿನವರಿಗೆ. ಇಂದು ಬಂದೂಕು ನಮ್ಮ ಮನೆಗಳಲ್ಲಿಲ್ಲ, ಅಂಟಿನ ಹಾಳೆ ಅಟ್ಟದ ಮೇಲಿದೆ.